ಮುದಿ ನಾಯಿಯ ಬಾಯೊಳಗಿನ ಗಂಟು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪತ್ರಗಳಲ್ಲಿ ವಯಸ್ಸಾದ ನಾಯಿಗಳ ಬಾಯಿಯ ಗಂಟಿನ ವಿಷಯವೇ ಹೆಚ್ಚು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ 11 ವರ್ಷ. ಎರಡು ತಿಂಗಳಿಂದ ಬಾಯಿ ವಿಪರೀತ ನಾರುತ್ತಿದೆ. ಆ್ಯಂಟಿಬಯಾಟಿಕ್ ಕೊಟ್ಟಾಗ ವಾರ, ಹತ್ತು ದಿನ ಕಡಿಮೆಯಾಗಿ ಮತ್ತೆ ಶುರುವಾಗುತ್ತದೆ. ಈಗ ಬಲಗಡೆ ಮೇಲಿನ ಒಂದು ದವಡೆ ಹಲ್ಲು ಅಲುಗಾಡುತ್ತಿದೆ. ಕೀಳಿಸಿದರೆ ಸರಿಹೋಗುತ್ತದೆಯೇ?
(ಸಪ್ತಾಪುರ, ಧಾರವಾಡ)

ಉತ್ತರ: ಕೀಳಿಸುವ ಮೊದಲು ಆ ಹಲ್ಲಿನ ಸುತ್ತಲಿನ ವಸಡನ್ನು ಸರಿಯಾಗಿ ನೋಡಬೇಕು. ಹಲ್ಲಿಗೆ ಕಿಟ್ಟ ಕಟ್ಟಿ ವಸಡು ಸವೆದ ಬಾಯಿಯಲ್ಲಿ ಸಾಮಾನ್ಯವಾಗಿ ಎರಡೂ ಬದಿಯ ಹಲವು ಹಲ್ಲುಗಳು ಸಡಿಲವಾಗುತ್ತವೆ. ಉಳಿದವೆಲ್ಲ ಗಟ್ಟಿಯಾಗಿದ್ದು, ಒಂದೇ ಬದಿಯಲ್ಲಿ ಒಂದೆರಡು ಮಾತ್ರ ಅಲುಗುತ್ತಿದ್ದರೆ ಬುಡದ ಎಲುಬನ್ನು ಏನೋ ತಿನ್ನುತ್ತಿದೆ ಎಂದು ಅನುಮಾನಪಡಲೇಬೇಕು. ಆ್ಯಂಟಿಬಯಾಟಿಕ್‌ನಿಂದ ವಾಸನೆ ಕಡಿಮೆಯಾದದ್ದನ್ನು ನಂಬಬೇಡಿ. ಗಡ್ಡೆ ವೇಗವಾಗಿ ಬೆಳೆದಾಗ ಅದರ ಮೇಲ್ಮೈಗೆ ರಕ್ತ ಸಾಲದೆ ಆ ಭಾಗ ಸತ್ತು ಹುಣ್ಣಾಗುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡು ನಾರುತ್ತದೆ. ಔಷಧಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಗಡ್ಡೆ ಹಾಗೇ ಬೆಳೆಯುತ್ತಿರುತ್ತದೆ. ಬಾಯಿಯ ಕ್ಯಾನ್ಸರ್‌ನಲ್ಲಿ ಬೆಲೆಬಾಳುವ ತಿಂಗಳುಗಳು ಹೆಚ್ಚಾಗಿ ಕೈತಪ್ಪುವುದು ಈ ಹಂತದಲ್ಲೇ.

ಮನೆಯಲ್ಲಿ ನೋಡುವ ಕ್ರಮ ಹೀಗೆ. ನಾಯಿ ಶಾಂತವಾಗಿರುವ ಹೊತ್ತಿನಲ್ಲಿ ಒಬ್ಬರು ಟಾರ್ಚ್ ಹಿಡಿಯಲಿ. ಮೊದಲು ಬಾಯಿ ತೆರೆಸದೆ ತುಟಿಯನ್ನಷ್ಟೇ ಎತ್ತಿ, ಕೆನ್ನೆಯನ್ನು ಹಿಂದಕ್ಕೆ ಎಳೆದು ಕೊನೆಯ ದವಡೆ ಹಲ್ಲಿನವರೆಗೆ ನೋಡಿ. ಬಳಿಕ ಒಂದು ಕೈಯಿಂದ ಮೇಲ್ದವಡೆಯನ್ನು ಕೋರೆಹಲ್ಲಿನ ಹಿಂದೆ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಕೆಳಗಿನ ಬಾಚಿಹಲ್ಲುಗಳನ್ನು ಒತ್ತಿದರೆ ಬಾಯಿ ತೆರೆಯುತ್ತದೆ. ಅಂಗಳು, ನಾಲಿಗೆಯ ಎರಡು ಅಂಚು, ಗಂಟಲ ಪಕ್ಕದ ಟಾನ್ಸಿಲ್ ಜಾಗ ನೋಡಿ. ಹೊರಗಿನಿಂದ ಕೆಳದವಡೆಯ ಎರಡು ಎಲುಬುಗಳ ನಡುವಿನ ಮೆತ್ತನೆಯ ಜಾಗವನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದರೆ ನಾಲಿಗೆ ಎದ್ದು ಅದರ ಅಡಿಭಾಗ ಕಾಣುತ್ತದೆ. ಇಲ್ಲಿನ ಗಂಟು ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ದವಡೆಯ ಮೂಲೆಯ ಕೆಳಗೆ ಎರಡೂ ಬದಿ ಮುಟ್ಟಿ, ಒಂದು ಕಡೆಯ ಗ್ರಂಥಿ ಇನ್ನೊಂದಕ್ಕಿಂತ ದಪ್ಪ ಅಥವಾ ಗಟ್ಟಿ ಇದೆಯೇ ಹೋಲಿಸಿ. ಗಂಟು ಕಂಡರೆ ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೊ ತೆಗೆಯಿರಿ. ಮುಂದೆ ಚಿಕಿತ್ಸೆ ನಿರ್ಧರಿಸುವಾಗ ಆ ಅಳತೆಯೇ ದೊಡ್ಡ ಆಧಾರ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತ, ನೀರು ನುಂಗಲಾಗದೆ, ಸ್ವಭಾವ ಒಮ್ಮೆಲೇ ಬದಲಾದ ನಾಯಿಯ ಬಾಯಿಗೆ ಕೈ ಹಾಕಲೇಬೇಡಿ. ರೇಬಿಸ್ ಲಸಿಕೆ ಬಾಕಿ ಇದ್ದರಂತೂ ಖಂಡಿತ ಬೇಡ. ಅಂಥ ನಾಯಿಯನ್ನು ಪ್ರತ್ಯೇಕವಾಗಿಟ್ಟು ವೈದ್ಯರಿಗೆ ತಿಳಿಸಿ.

ನಿಮ್ಮ ನಾಯಿಯ ಬಾಯಲ್ಲಿ ಗಂಟೇ ಇಲ್ಲದಿರಲೂಬಹುದು. ಮೇಲಿನ ದೊಡ್ಡ ದವಡೆ ಹಲ್ಲಿನ ಬೇರಿಗೆ ಕೀವು ತುಂಬಿದರೆ ಕಣ್ಣಿನ ಕೆಳಗೆ ಊದುತ್ತದೆ. ಎಲುಬಿನ ತುಂಡೋ ಕಡ್ಡಿಯೋ ಅಂಗಳಿಗೆ ಅಡ್ಡಲಾಗಿ ಸಿಕ್ಕಿಕೊಂಡಿದ್ದರೂ ಹೀಗೇ ನಾರುತ್ತದೆ. ಯಾವುದೇ ಇದ್ದರೂ ವೈದ್ಯರ ಬಳಿ ಹೇಳಬೇಕಾದ ಮಾತು ಒಂದೇ: ಹಲ್ಲು ಕೀಳುವುದಾದರೆ ಅದೇ ಅರಿವಳಿಕೆಯಲ್ಲಿ ಎಕ್ಸ್-ರೇ ತೆಗೆದು, ಸುತ್ತಲಿನ ವಸಡಿನ ತುಂಡನ್ನೂ ಬಯಾಪ್ಸಿಗೆ (ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ) ಕಳಿಸಿ. ಎಲುಬು ಸುಮಾರು ಶೇ 40ರಷ್ಟು ಕರಗುವ ತನಕ ಎಕ್ಸ್-ರೇಯಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ‘ಎಕ್ಸ್-ರೇ ಚೆನ್ನಾಗಿದೆ’ ಎಂಬ ಮಾತು ಬಯಾಪ್ಸಿಗೆ ಬದಲಿ ಆಗಲಾರದು. ಕಿತ್ತ ಜಾಗ ಎರಡು ವಾರವಾದರೂ ಮುಚ್ಚದೆ, ಅಲ್ಲಿಂದ ಮಾಂಸ ಉಕ್ಕಿ ಬರುತ್ತಿದ್ದರೆ ಇನ್ನೊಂದು ದಿನವೂ ಕಾಯಬೇಡಿ.

ಪ್ರಶ್ನೆ: 10 ವರ್ಷದ ಮುಧೋಳ ನಾಯಿ. ಕೆಳಗಿನ ವಸಡಿನಲ್ಲಿ ಗುಲಾಬಿ ಬಣ್ಣದ ಗಂಟಿತ್ತು. ಕತ್ತರಿಸಿ ತೆಗೆಸಿದೆವು, ಲ್ಯಾಬಿಗೆ ಕಳಿಸಲಿಲ್ಲ. ತಿಂಗಳೊಳಗೆ ಅಲ್ಲೇ ಮತ್ತೆ ಬಂದಿದೆ. ಕಪ್ಪಗಿಲ್ಲದಿದ್ದರೆ ಕ್ಯಾನ್ಸರ್ ಅಲ್ಲ ಎನ್ನುತ್ತಾರೆ, ನಿಜವೇ?
(ಬೆಟಗೇರಿ, ಗದಗ)

ಉತ್ತರ: ನಿಜವಲ್ಲ. ನಾಯಿಯ ಬಾಯಲ್ಲಿ ಹೆಚ್ಚು ಕಾಣುವ ಮಾರಕ ಗಡ್ಡೆ ಮೆಲನೋಮಾ. ಹೆಸರು ಕಪ್ಪು ಬಣ್ಣದ ಜೀವಕೋಶದಿಂದ ಬಂದಿದ್ದರೂ ಮೂರರಲ್ಲಿ ಒಂದರಷ್ಟು ಮೆಲನೋಮಾಗಳು ಗುಲಾಬಿ ಬಣ್ಣದಲ್ಲೇ ಇರುತ್ತವೆ. ಅತ್ತ ನಮ್ಮ ಊರ ನಾಯಿಗಳ ವಸಡು, ನಾಲಿಗೆಯ ಮೇಲೆ ಹುಟ್ಟಿನಿಂದಲೇ ಇರುವ ಚಪ್ಪಟೆ ಕಪ್ಪು ಮಚ್ಚೆ ನಿರಪಾಯಕಾರಿ. ಬಣ್ಣಕ್ಕಿಂತ ಉಬ್ಬು, ಹುಣ್ಣು, ಬೆಳೆಯುವ ವೇಗ ಮುಖ್ಯ.

ವಸಡಿನ ಗುಲಾಬಿ ಗಂಟು ಹಲವು ಬಗೆಯದಿರಬಹುದು. ಎಪುಲಿಸ್ ಎಂದು ಕರೆಯುವ ಗಟ್ಟಿ, ನಯವಾದ, ನಿಧಾನಕ್ಕೆ ಬೆಳೆಯುವ ಗಂಟು ಸೌಮ್ಯ. ಅಕ್ಯಾಂಥೊಮ್ಯಾಟಸ್ ಅಮೆಲೊಬ್ಲಾಸ್ಟೋಮಾ ದೇಹದ ಬೇರೆ ಕಡೆ ಹರಡುವುದಿಲ್ಲ, ಆದರೆ ದವಡೆಯ ಎಲುಬಿನೊಳಗೆ ಇಳಿಯುತ್ತದೆ. ಮೇಲಷ್ಟೇ ಕತ್ತರಿಸಿದರೆ ಮರಳಿ ಬರುತ್ತದೆ, ಸುತ್ತ 1 ಸೆಂ.ಮೀ. ಎಲುಬಿನ ಸಮೇತ ತೆಗೆದರೆ ಬಹುತೇಕ ನಾಯಿಗಳು ಪೂರ್ತಿ ಗುಣವಾಗುತ್ತವೆ. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಒಳಚರ್ಮದ ಕ್ಯಾನ್ಸರ್ ವಸಡಿನಲ್ಲಿದ್ದಾಗ ಎಲುಬು ತಿನ್ನುತ್ತದೆಯೇ ಹೊರತು ದೂರ ಹರಡುವುದು ಕಡಿಮೆ, ಬಾಯಿಯ ಮುಂಭಾಗದಲ್ಲಿದ್ದರೆ ಭರವಸೆ ಇನ್ನೂ ಹೆಚ್ಚು. ಅದೇ ಗಡ್ಡೆ ಟಾನ್ಸಿಲ್‌ನಲ್ಲಿ ಹುಟ್ಟಿದರೆ ಬೇಗ ಹರಡುತ್ತದೆ. ಫೈಬ್ರೋಸಾರ್ಕೋಮಾ ಎಂಬ ನಾರಿನ ಅಂಗಾಂಶದ ಕ್ಯಾನ್ಸರ್ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ನಂಥ ದೊಡ್ಡ ತಳಿಗಳ ಮೇಲ್ದವಡೆಯಲ್ಲಿ ಹೆಚ್ಚು. ಸೂಕ್ಷ್ಮದರ್ಶಕದಲ್ಲಿ ಸೌಮ್ಯವಾಗಿ ಕಂಡರೂ ಒಳಗೆ ಮಾತ್ರ ಪಟ್ಟು ಬಿಡದೆ ಬೆಳೆಯುವಂಥದ್ದು. ಹೀಗೆ ಒಂದೇ ರೀತಿ ಕಾಣುವ ಗಂಟಿಗೆ ನಾಲ್ಕು ಭವಿಷ್ಯಗಳಿವೆ. ಅದಕ್ಕೇ ನಾವು ಬಯಾಪ್ಸಿಯ ವಿಷಯದಲ್ಲಿ ಇಷ್ಟು ಹಟ ಹಿಡಿಯುತ್ತೇವೆ.

ಈಗ ಮರಳಿ ಬಂದ ಗಂಟಿನಿಂದಲೇ ತುಂಡು ತೆಗೆಸಿ. ತೆಗೆಯುವ ರೀತಿಯಲ್ಲೂ ತಪ್ಪುವುದುಂಟು. ಮೇಲಿನ ಕೊಳೆತ ಪದರವನ್ನಷ್ಟೇ ಕೆರೆದು ಕಳಿಸಿದರೆ ‘ಉರಿಯೂತ’ ಎಂಬ ವರದಿ ಬರುತ್ತದೆ, ಮನೆಯವರು ನಿಶ್ಚಿಂತರಾಗಿಬಿಡುತ್ತಾರೆ. ಆಳದ ಗಟ್ಟಿ ಭಾಗದಿಂದ ತೆಗೆಯಬೇಕು. ಹೊರಗಿನ ಚರ್ಮ ಅಥವಾ ತುಟಿಯ ಮೂಲಕ ತೂರದೆ ಬಾಯೊಳಗಿನಿಂದಲೇ ತೆಗೆಯಬೇಕು, ಇಲ್ಲದಿದ್ದರೆ ಗಡ್ಡೆಯ ಕೋಶಗಳು ಹೊಸ ಪದರಕ್ಕೆ ಸೇರಿ ಮುಂದಿನ ಶಸ್ತ್ರಚಿಕಿತ್ಸೆ ದೊಡ್ಡದಾಗುತ್ತದೆ. ಸಣ್ಣ ತುಂಡನ್ನು ಕಾಟರಿಯಿಂದ (ಸುಟ್ಟು ಕತ್ತರಿಸುವ ಸಾಧನ) ಕತ್ತರಿಸಿದರೆ ಅಂಚು ಸುಟ್ಟು ಓದಲು ಬರುವುದಿಲ್ಲ. ತುಂಡನ್ನು ಕೆಡದಂತೆ ಇಡುವ, ಶೇ 10ರ ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ ಹಾಕಬೇಕು, ತುಂಡಿನ ಹತ್ತು ಪಟ್ಟು ದ್ರವ ಇರಬೇಕು. ಅಗಲ ಬಾಯಿಯ ಡಬ್ಬಿ ಬೇಕು, ಏಕೆಂದರೆ ತುಂಡು ಒಳಗೇ ಗಟ್ಟಿಯಾಗುತ್ತದೆ. ಐಸ್ ಪೆಟ್ಟಿಗೆಯ ಅಗತ್ಯವಿಲ್ಲ, ಫ್ರೀಜರ್‌ನಲ್ಲಿಟ್ಟರೆ ಹಾಳು. ಚೀಟಿಯಲ್ಲಿ ವಯಸ್ಸು, ತಳಿ, ಬಾಯಿಯ ಯಾವ ಜಾಗ, ಎಷ್ಟು ದೊಡ್ಡದು, ಹಿಂದೊಮ್ಮೆ ತೆಗೆದು ಮರಳಿ ಬಂದದ್ದು ಎಲ್ಲವನ್ನೂ ಬರೆಸಿ. ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿ ವಿಚಾರಿಸಿ. ಸೌಲಭ್ಯ ಸಾಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗುವ ದಾರಿ ಇದೆ.

ಮುಧೋಳ ನಾಯಿಗೆ ಮೈಯಲ್ಲಿ ಕೊಬ್ಬು ಕಡಿಮೆ. ಥಯೊಪೆಂಟೋನ್ ಅರಿವಳಿಕೆ ಕೊಟ್ಟರೆ ಏಳಲು ಬಹಳ ಹೊತ್ತು ಹಿಡಿಯಬಹುದು. ಬೇರೆ ಔಷಧಿ ಬಳಸುವ ಬಗ್ಗೆ ವೈದ್ಯರೊಂದಿಗೆ ಮೊದಲೇ ಮಾತಾಡಿ.

ಪ್ರಶ್ನೆ: ನಮ್ಮ ನಾಯಿಗೆ 12 ವರ್ಷ. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂದು ಬಂದಿದೆ. ಕೆಳದವಡೆಯ ಮುಂಭಾಗ ಕತ್ತರಿಸಬೇಕಂತೆ. ಈ ವಯಸ್ಸಿನಲ್ಲಿ ಇಷ್ಟು ಹಿಂಸೆ ಕೊಡುವುದು ಸರಿಯೇ? ದವಡೆ ಇಲ್ಲದೆ ಅದು ಉಣ್ಣುವುದು ಹೇಗೆ?
(ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಉತ್ತರ: ಬರೀ ವಯಸ್ಸು ನೋಡಿ ಬೇಡ ಎನ್ನಬೇಡಿ. ಹೃದಯ, ಮೂತ್ರಪಿಂಡ, ಯಕೃತ್ತು ಸರಿ ಇದ್ದರೆ 12 ವರ್ಷದ ನಾಯಿಯೂ ಈ ಶಸ್ತ್ರಚಿಕಿತ್ಸೆ ತಾಳಿಕೊಳ್ಳುತ್ತದೆ. ನಿಮ್ಮ ನಾಯಿಯ ಗಡ್ಡೆಯ ಬಗೆ ಮತ್ತು ಜಾಗ ಎರಡೂ ಶಸ್ತ್ರಚಿಕಿತ್ಸೆಯ ಪರವಾಗಿವೆ. ಪೂರ್ತಿ ತೆಗೆಯಲು ಸಾಧ್ಯವಾದ ಇಂಥ ನಾಯಿಗಳಲ್ಲಿ ಹಲವು ಒಂದೆರಡು ವರ್ಷ ಚೆನ್ನಾಗಿ ಬದುಕುತ್ತವೆ. ಅದೇ ಮೆಲನೋಮಾ ಆಗಿದ್ದರೆ ಲೆಕ್ಕ ಬೇರೆ: 2 ಸೆಂ.ಮೀ.ಗಿಂತ ಚಿಕ್ಕದಿರುವಾಗ ತೆಗೆದರೆ ವರ್ಷದ ಮೇಲೆ, 4 ಸೆಂ.ಮೀ. ದಾಟಿದ್ದರೆ ಅಥವಾ ಗ್ರಂಥಿಗೆ ಹರಡಿದ್ದರೆ ಕೆಲವೇ ತಿಂಗಳು.

ಮೊದಲು ಮೂರು ಕೆಲಸ ಆಗಬೇಕು. ದವಡೆಯ ಕೆಳಗಿನ ದುಗ್ಧಗ್ರಂಥಿಗಳಿಗೆ ಎರಡೂ ಬದಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿ, ದಪ್ಪವಾಗಿಲ್ಲದ ಗ್ರಂಥಿಯಲ್ಲೂ ಕ್ಯಾನ್ಸರ್ ಅಡಗಿರಬಹುದು. ಎದೆಯ ಎಕ್ಸ್-ರೇಯನ್ನು ಎಡ, ಬಲ, ನೇರ ಹೀಗೆ ಮೂರು ಭಂಗಿಯಲ್ಲಿ ತೆಗೆಸಿ. ಒಂದೇ ಭಂಗಿಯಲ್ಲಿ ಕೆಳಬದಿಯ ಶ್ವಾಸಕೋಶ ಒತ್ತಿಕೊಂಡು ಅದರೊಳಗಿನ ಸಣ್ಣ ಗಂಟುಗಳು ಕಾಣದೇ ಹೋಗುತ್ತವೆ. ಮೂರನೆಯದು ರಕ್ತಪರೀಕ್ಷೆ. ನಮ್ಮ ಕಡೆ ಇದರಲ್ಲಿ ಪ್ಲೇಟ್‌ಲೆಟ್ ಎಣಿಕೆ ಬಿಡುವಂತೆಯೇ ಇಲ್ಲ. ಉಣ್ಣಿಯಿಂದ ಬರುವ ಎರ್ಲೀಕಿಯಾ ಸೋಂಕು ನಾಯಿಯ ಮೈಯಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಇದ್ದು ಪ್ಲೇಟ್‌ಲೆಟ್ ಇಳಿಸಿರುತ್ತದೆ. ದವಡೆಗೆ ರಕ್ತನಾಳ ಬಹಳ, ಹೀಗಿರುವಾಗ ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತ ನಿಲ್ಲಿಸುವುದು ಕಷ್ಟ. ಸೋಂಕಿದ್ದರೆ ಡಾಕ್ಸಿಸೈಕ್ಲಿನ್ ಕೊಟ್ಟು, ಎಣಿಕೆ ಏರಿದ ಮೇಲೆ ಶಸ್ತ್ರಚಿಕಿತ್ಸೆಗೆ ದಿನ ಹಿಡಿಯುತ್ತಾರೆ. ರಕ್ತ ಕೊಡಬಲ್ಲ ದೊಡ್ಡ ಮೈಯ ಆರೋಗ್ಯವಂತ ನಾಯಿಯೊಂದು ಪರಿಚಯದವರ ಮನೆಯಲ್ಲಿದ್ದರೆ ಮುಂಚೆಯೇ ಮಾತಾಡಿಡಿ.

ಉಣ್ಣುವ ಚಿಂತೆ ನೀವು ಎಣಿಸಿದಷ್ಟಿಲ್ಲ. ಮುಂದವಡೆ ಹೋದ ನಾಯಿಗಳು ಹೆಚ್ಚಾಗಿ ಒಂದರಿಂದ ಮೂರು ದಿನದಲ್ಲಿ ತಾವೇ ತಿನ್ನಲು ಶುರುಮಾಡುತ್ತವೆ. ನಾಲಿಗೆ ತುಸು ಹೊರಗೆ ಜೋತಾಡುತ್ತದೆ, ಜೊಲ್ಲು ಹೆಚ್ಚುತ್ತದೆ, ಗದ್ದದ ಚರ್ಮವನ್ನು ದಿನಾ ಒರೆಸಿ ಒಣಗಿಸದಿದ್ದರೆ ಅಲ್ಲಿ ಹುಣ್ಣಾಗುತ್ತದೆ. ಮೊದಲ ವಾರ ಗಂಜಿಯಂಥ ಆಹಾರಕ್ಕಿಂತ ಲಿಂಬೆಹಣ್ಣಿನ ಗಾತ್ರದ ಮೆತ್ತನೆಯ ಉಂಡೆಗಳನ್ನು ಕೈಯಿಂದ ನಾಲಿಗೆಯ ಹಿಂಭಾಗಕ್ಕೆ ಇಟ್ಟರೆ ಸುಲಭವಾಗಿ ನುಂಗುತ್ತದೆ, ಹೊಲಿಗೆಗೂ ಅಂಟುವುದಿಲ್ಲ. ಗಾಯ ಕೆರೆಯದಂತೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಎರಡು ವಾರ ಇರಲೇಬೇಕು. ಎಲುಬು, ಕೋಲು, ಚೆಂಡು ಒಂದು ತಿಂಗಳು ಬೇಡ. ಒಂದು ಬದಿಯ ದವಡೆಯನ್ನೇ ತೆಗೆದ ಪ್ರಕರಣಗಳಲ್ಲಿ ಉಳಿದ ದವಡೆ ನಡುವಿಗೆ ಸರಿದು, ಕೆಳಕೋರೆ ಅಂಗಳಿಗೆ ಚುಚ್ಚುವುದುಂಟು. ಆಗ ಆ ಕೋರೆಯನ್ನು ಗಿಡ್ಡ ಮಾಡಬೇಕಾಗುತ್ತದೆ. ಮೇಲ್ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಹೊಲಿಗೆ ಬಿಚ್ಚಿಕೊಂಡರೆ ಮೂಗಿಗೂ ಬಾಯಿಗೂ ದಾರಿಯಾಗಿ ತಿಂದದ್ದು ಮೂಗಿನಿಂದ ಬರುತ್ತದೆ. ಹೊಲಿಗೆ ಬಿಗಿಯಾಗಿ ಎಳೆದಿದ್ದಾಗಲೇ ಹೀಗಾಗುವುದು ಹೆಚ್ಚು.

ತೆಗೆದ ದವಡೆಯ ಭಾಗವನ್ನು ಪೂರ್ತಿಯಾಗಿ ಲ್ಯಾಬಿಗೆ ಕಳಿಸಿ, ಅಂಚಿನಲ್ಲಿ ಗಡ್ಡೆ ಉಳಿದಿದೆಯೇ ಎಂದು ಕೇಳಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಬಾಯಿ, ಗ್ರಂಥಿ, ಎದೆ ಪರೀಕ್ಷೆ ತಪ್ಪಿಸಬೇಡಿ.

ಪ್ರಶ್ನೆ: ಹೊಲ ಕಾಯು ಹೆಣ್ಣ ನಾಯಿ ಐತ್ರೀ, ವಯಸ್ಸು ಎಂಟೋ ಒಂಬತ್ತೋ. ತುಟಿ ಒಳಗ ಹೂಕೋಸಿನಂಗ ಮಾಂಸ ಬೆಳದು ರಕ್ತ ಸೋರತೈತಿ. ಹೋದ ವರ್ಷ ಹಿಂದಿನ ಕಡೀಗೂ ಹಿಂಗ ಆಗಿತ್ತು. ಉಳೀತೈತೇನ್ರೀ?
(ಮುಂಡರಗಿ)

ಉತ್ತರ: ಈ ಪತ್ರ ಓದಿ ನಮಗೆ ಆಸೆ ಹುಟ್ಟಿದೆ. ಜನನಾಂಗದ ಕಡೆ ಇಂಥದ್ದೇ ಬೆಳವಣಿಗೆ ಆಗಿತ್ತೆಂದರೆ ಇದು ಟಿವಿಟಿ, ಅಂದರೆ ನಾಯಿಯಿಂದ ನಾಯಿಗೆ ಹರಡುವ ಗಡ್ಡೆ ಇರಬಹುದು. ಕೂಡುವಾಗ ಹರಡುವ ಇದು ಮೂಸುವುದರಿಂದ, ನೆಕ್ಕುವುದರಿಂದ ಬಾಯಿಗೂ ಮೂಗಿಗೂ ಬರುತ್ತದೆ. ಬಿಡಾಡಿಯಾಗಿ ತಿರುಗುವ ನಾಯಿಗಳಲ್ಲಿ ಸಾಮಾನ್ಯ. ಗಂಟಿಗೆ ಗಾಜಿನ ಸ್ಲೈಡ್ ಒತ್ತಿ ಬಣ್ಣ ಹಾಕಿ ನೋಡಿದರೆ ಸಾಕು, ಒಳಗೆ ಗುಳ್ಳೆ ಗುಳ್ಳೆಯಾಗಿರುವ ದುಂಡು ಕೋಶಗಳು ಕಾಣುತ್ತವೆ.

ಖಚಿತವಾದರೆ ಕತ್ತರಿಸುವ ಅಗತ್ಯವಿಲ್ಲ. ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ವಾರಕ್ಕೊಮ್ಮೆ, ಸಾಮಾನ್ಯವಾಗಿ ನಾಲ್ಕರಿಂದ ಆರು ಸಲ, ರಕ್ತನಾಳಕ್ಕೆ ಕೊಡುತ್ತಾರೆ. ಬಹುತೇಕ ನಾಯಿಗಳು ಪೂರ್ತಿ ಗುಣವಾಗುತ್ತವೆ. ಎರಡನೆಯ ಇಂಜೆಕ್ಷನ್‌ಗೇ ಗಂಟು ಕುಗ್ಗಿತೆಂದು ನಿಲ್ಲಿಸಿದರೆ ಮರಳಿ ಬರುತ್ತದೆ, ಕಣ್ಣಿಗೆ ಕಾಣದಂತಾಗುವ ತನಕ ಮುಂದುವರಿಸಬೇಕು. ಪ್ರತಿ ಸಲ ಬಿಳಿ ರಕ್ತಕಣದ ಎಣಿಕೆ ನೋಡಿಯೇ ಕೊಡಿಸಿ. ಈ ಔಷಧಿ ನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಕೊಳೆಯುತ್ತದೆ. ಹಾಗಾಗಿ ನಾಯಿ ಕೊಸರಾಡದಂತೆ ಹಿಡಿಯಲು ಇಬ್ಬರು ಹೋಗಿ. ಇಂಜೆಕ್ಷನ್ ಆದ ಎರಡು ಮೂರು ದಿನ ಮಲಮೂತ್ರ ಬಳಿಯುವಾಗ ಕೈಗವಸು ಹಾಕಿಕೊಳ್ಳಿ, ಗರ್ಭಿಣಿಯರು ಮುಟ್ಟುವುದು ಬೇಡ. ಗುಣವಾದ ಮೇಲೆ ಸಂತಾನಹರಣ ಮಾಡಿಸಿ, ಚಿಕಿತ್ಸೆ ಮುಗಿಯುವ ತನಕ ಬೇರೆ ನಾಯಿಗಳೊಂದಿಗೆ ಬಿಡಬೇಡಿ.

ಪ್ರಶ್ನೆ: ಮೆಲನೋಮಾ, ಎದೆಗೂ ಹರಡಿದೆ. ಶಸ್ತ್ರಚಿಕಿತ್ಸೆ ಬೇಡವೆಂದು ನಿರ್ಧರಿಸಿದ್ದೇವೆ. ನಾಯಿ 25 ಕಿಲೊ ಇದೆ. ಇರುವಷ್ಟು ದಿನ ನೋವಿಲ್ಲದೆ ಇರಲು ಏನು ಮಾಡಬೇಕು?
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಹರಡಿದ ಮೇಲೆ ದವಡೆ ಕತ್ತರಿಸುವುದರಿಂದ ಹೆಚ್ಚು ಲಾಭವಿಲ್ಲ, ನಿಮ್ಮ ನಿರ್ಧಾರ ಸರಿಯಾಗಿದೆ. ಇನ್ನು ನೋಡಬೇಕಾದದ್ದು ನೋವು, ಊಟ, ಬಾಯಿಯ ಸ್ವಚ್ಛತೆ.

ನೋವಿಗೆ ಮೆಲಾಕ್ಸಿಕ್ಯಾಮ್ ಮೊದಲ ದಿನ ಕಿಲೊಗೆ 0.2 ಮಿ.ಗ್ರಾಂ., ನಂತರ ದಿನಕ್ಕೊಮ್ಮೆ 0.1 ಮಿ.ಗ್ರಾಂ., ಊಟದ ಜೊತೆ. ನಿಮ್ಮ ನಾಯಿಗೆ ದಿನಕ್ಕೆ 2.5 ಮಿ.ಗ್ರಾಂ. ಆಯಿತು. ಮನುಷ್ಯರ ಗುಳಿಗೆ 7.5 ಮತ್ತು 15 ಮಿ.ಗ್ರಾಂ.ನಲ್ಲಿ ಬರುತ್ತದೆ, ಇಡೀ ಗುಳಿಗೆ ಹಾಕಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ಡಾಂಬರಿನಂಥ ಕಪ್ಪು ಮಲ ಬರುತ್ತದೆ. ಮೂತ್ರಪಿಂಡದ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ನೋಡಿಸದೆ ಶುರುಮಾಡಬೇಡಿ, ಸ್ಟೀರಾಯ್ಡ್ ಜೊತೆ ಎಂದೂ ಕೊಡಬೇಡಿ. ಸಾಲದಿದ್ದರೆ ವೈದ್ಯರು ಗ್ಯಾಬಪೆಂಟಿನ್ ಸೇರಿಸುತ್ತಾರೆ. ಅದರ ಸಿರಪ್‌ನಲ್ಲಿ ಕೆಲವೊಮ್ಮೆ ಝೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ, ಅದು ನಾಯಿಗೆ ವಿಷ, ಕ್ಯಾಪ್ಸೂಲ್ ಕೇಳಿ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಲೇಬೇಡಿ.

25 ಕಿಲೊ ನಾಯಿಗೆ ದಿನಕ್ಕೆ ಸಾವಿರ ಕ್ಯಾಲೊರಿಯ ಆಸುಪಾಸು ಬೇಕು. 300 ಗ್ರಾಂ ಮೆತ್ತನೆಯ ಅನ್ನ, ಎಲುಬಿಲ್ಲದ 200 ಗ್ರಾಂ ಬೇಯಿಸಿದ ಕೋಳಿ, ಎರಡು ಮೊಟ್ಟೆ, ಒಂದು ದೊಡ್ಡ ಚಮಚ ಎಣ್ಣೆ ಸೇರಿದರೆ ಅಷ್ಟಾಗುತ್ತದೆ. ನಾಲ್ಕು ಹೊತ್ತಿಗೆ ಹಂಚಿ, ಉಗುರುಬೆಚ್ಚಗೆ ಕೊಡಿ. ಬೆಚ್ಚಗಿದ್ದರೆ ಪರಿಮಳ ಏಳುತ್ತದೆ, ಬಾಯಿ ನೋವಿದ್ದ ನಾಯಿಯೂ ಹತ್ತಿರ ಬರುತ್ತದೆ. ಕಡಕ್ ರೊಟ್ಟಿಯ ಚೂಪು ಅಂಚು ಗಡ್ಡೆಗೆ ತಾಗಿ ರಕ್ತ ಬರುತ್ತದೆ. ರೊಟ್ಟಿಯೇ ಇಷ್ಟವಾದರೆ ಮೆತ್ತನೆಯದನ್ನು ಮಜ್ಜಿಗೆಯಲ್ಲೋ ಸಾರಿನ ನೀರಿನಲ್ಲೋ ಅರ್ಧ ಗಂಟೆ ನೆನೆಸಿ ಕಿವುಚಿ, ಇಲ್ಲವೇ ಜೋಳದ ನುಚ್ಚು ಮಾಡಿ. ಆ ಸಾರಿನಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಖಾರ ಇರಬಾರದು. ಉಳ್ಳಾಗಡ್ಡಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ತಟ್ಟೆಯನ್ನು ಎದೆಯ ಎತ್ತರಕ್ಕಿಟ್ಟರೆ ಕೆಳಗೆ ಚೆಲ್ಲುವುದು ಕಡಿಮೆ.

ಉಂಡ ಮೇಲೆ ಕಾಲು ಲೀಟರ್ ಕುದಿಸಿ ಆರಿಸಿದ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಬೆರೆಸಿ, ಸೂಜಿಯಿಲ್ಲದ ಸಿರಿಂಜ್‌ನಿಂದ ಕೆನ್ನೆಯ ಪಕ್ಕದಿಂದ ಮೆಲ್ಲಗೆ ತೊಳೆಯಿರಿ. ತಲೆ ಕೆಳಗೆ ಬಾಗಿರಲಿ, ನೀರು ಹೊರಗೆ ಹರಿಯಬೇಕು. ವಾಸನೆ ಹೆಚ್ಚಿದ್ದರೆ ಶೇ 0.12ರ ಕ್ಲೋರ್‌ಹೆಕ್ಸಿಡಿನ್ ದಿನಕ್ಕೆರಡು ಸಲ. ರಕ್ತ ಸುರಿದರೆ ತಣ್ಣೀರಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ಎತ್ತಿ ನೋಡಿದರೆ ಹೆಪ್ಪು ಒಡೆಯುತ್ತದೆ.

ನೀವು ಕೇಳದಿದ್ದರೂ ಹೇಳುವುದು ನಮ್ಮ ಕರ್ತವ್ಯ. ಕ್ಯಾಲೆಂಡರ್‌ನಲ್ಲಿ ದಿನಾ ಗುರುತು ಹಾಕಿ: ತಾನಾಗಿ ಉಂಡಿತೇ, ನಿಮ್ಮನ್ನು ಕಂಡು ಎದ್ದು ಬಂತೇ, ರಾತ್ರಿ ಮಲಗಿತೇ. ವಾರದಲ್ಲಿ ಕೆಟ್ಟ ದಿನಗಳೇ ಹೆಚ್ಚಾದಾಗ, ನೋವಿನ ಔಷಧಿ ಕೊಟ್ಟರೂ ಎರಡು ದಿನ ಏನನ್ನೂ ತಿನ್ನದಿದ್ದಾಗ, ಉಸಿರಿಗೆ ಕಷ್ಟಪಡುವಾಗ ದಯಾಮರಣದ ಬಗ್ಗೆ ವೈದ್ಯರೊಂದಿಗೆ ಮಾತಾಡಿ. ಮೊದಲು ನಿದ್ದೆಯ ಔಷಧಿ, ಬಳಿಕ ಅತಿ ಪ್ರಮಾಣದ ಅರಿವಳಿಕೆ ಕೊಡುತ್ತಾರೆ, ನಾಯಿಗೆ ಸೂಜಿ ಚುಚ್ಚಿದ್ದು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಮನೆಗೇ ಬರುವಂತೆ ಕೇಳಿಕೊಳ್ಳಬಹುದು, ಆ ವೇಳೆ ನೀವು ಅದರ ಪಕ್ಕದಲ್ಲಿರಿ.

ಪ್ರಶ್ನೆ: ಬಾಯಿ ಗಂಟಿನ್ಯಾಗ ಹುಳ ಬಿದ್ದಾವ್ರೀ. ಚಿಮಣಿ ಎಣ್ಣಿ ಹಾಕ್ರಿ ಅಂತಾರ ಮಂದಿ, ಡಾಂಬರ ಗುಳಿಗಿ ಪುಡಿ ಹಾಕ್ರಿ ಅಂತಾರ. ಯಾವುದು ಹಾಕೂಣ?
(ನವಲಗುಂದ)

ಉತ್ತರ: ಎರಡೂ ಬೇಡ. ಬಾಯಿಗೆ ಹಾಕಿದ್ದನ್ನು ನಾಯಿ ನುಂಗುತ್ತದೆ. ಚಿಮಣಿ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ಡಾಂಬರು ಗುಳಿಗೆ ರಕ್ತಕಣ ಒಡೆಯುತ್ತದೆ. ಫಿನಾಯಿಲ್ ಕೂಡ ಬೇಡ. ಇಂದೇ ಆಸ್ಪತ್ರೆಗೆ ಒಯ್ಯಿರಿ. ನಿದ್ದೆ ಬರಿಸಿ, ಚಿಮುಟದಿಂದ ಒಂದೊಂದಾಗಿ ತೆಗೆದು, ತೊಳೆದು, ಸತ್ತ ಮಾಂಸ ಕತ್ತರಿಸುತ್ತಾರೆ. ನೊಣದ ಮೊಟ್ಟೆ ಒಂದೇ ದಿನದಲ್ಲಿ ಒಡೆಯುವುದರಿಂದ ಮರುದಿನ ಮತ್ತೆ ನೋಡಬೇಕು. ಐವರ್‌ಮೆಕ್ಟಿನ್ ಎಂಬ ಹುಳ ಕೊಲ್ಲುವ ಔಷಧಿ ಹಾಕಿಸುವುದಾದರೆ ನಾಯಿ ಕೋಲಿ ಜಾತಿಯ ಮಿಶ್ರಣವೇ ಎಂದು ವೈದ್ಯರಿಗೆ ಹೇಳಿ, ಆ ತಳಿಗಳಿಗೆ ಅದು ತಲೆಗೇರಿ ಜೀವಕ್ಕೇ ಅಪಾಯ. ನಾಯಿಯನ್ನು ಸೊಳ್ಳೆ ಪರದೆಯೊಳಗೆ ಕಟ್ಟಿ, ಉಂಡ ತಕ್ಷಣ ಬಾಯಿ ಒರೆಸಿ, ಸಗಣಿ ಗುಂಡಿಯಿಂದ ದೂರವಿಡಿ.

ಪ್ರಶ್ನೆ: ಬಾಯಿಯ ಕ್ಯಾನ್ಸರ್ ಇರುವ ನಾಯಿ ಮಕ್ಕಳ ಕೈ ನೆಕ್ಕುತ್ತದೆ. ಮಕ್ಕಳಿಗೆ ಅಂಟುತ್ತದೆಯೇ? ಗಂಟಿಗೆ ಸುಣ್ಣ, ಅರಿಶಿನ ಹಚ್ಚಬಹುದೇ?
(ಹಾನಗಲ್)

ಉತ್ತರ: ಕ್ಯಾನ್ಸರ್ ಮಕ್ಕಳಿಗೆ ಅಂಟುವುದಿಲ್ಲ. ಟಿವಿಟಿ ಕೂಡ ನಾಯಿಗಳ ನಡುವೆ ಮಾತ್ರ ಹರಡುತ್ತದೆ. ಆದರೆ ಹುಣ್ಣಾದ ಬಾಯಿಯಲ್ಲಿ ಬ್ಯಾಕ್ಟೀರಿಯಾ ಹೆಚ್ಚು, ಗಾಯವಾದ ಕೈ ನೆಕ್ಕಿಸಬೇಡಿ, ನೆಕ್ಕಿದರೆ ಸೋಪಿನಿಂದ ತೊಳೆಯಿಸಿ. ನಾಯಿಯ ರೇಬಿಸ್ ಲಸಿಕೆ ಚಾಲ್ತಿಯಲ್ಲಿರಲಿ. ಸುಣ್ಣ ಬಾಯಿಯ ಒಳಚರ್ಮ ಸುಡುತ್ತದೆ, ಹಚ್ಚಬೇಡಿ. ಅರಿಶಿನದಿಂದ ಗಡ್ಡೆ ಕರಗುವುದಿಲ್ಲ, ಅದರ ಹಳದಿ ಬಣ್ಣ ಮೆತ್ತಿಕೊಂಡು ವೈದ್ಯರಿಗೆ ಗಂಟಿನ ಅಂಚು ಗುರುತಿಸುವುದು ಕಷ್ಟವಾಗುತ್ತದೆ.